ಎರಡು ಬಲ್ಬು ಕಟ್ಟಿ ಕರೆಂಟು ನೋಡಿದ ಹುಡುಗ

ಹಾವೇರಿ ಕಡೆಯ ತಾಯಿಯೊಬ್ಬರ ಪತ್ರ ನಾಲ್ಕು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಎತ್ತಿಡಲು ಮನಸ್ಸೇ ಬರುತ್ತಿಲ್ಲ. ಮಗ ಪಿಯುಸಿ ಸೈನ್ಸ್. ಮೂರು ಸಲ ಬರೆದರೂ ಫಿಸಿಕ್ಸ್, ಗಣಿತ ಪಾಸಾಗಿಲ್ಲ. ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗುತ್ತೇನೆ ಅನ್ನುತ್ತಾನೆ. ಬೆಂಗಳೂರಿನ ಸೋದರಮಾವ ಮಾತ್ರ "ಐಟಿಐ ಓದಿದವನಿಗೆ ಹೆಣ್ಣು ಯಾರು ಕೊಡ್ತಾರೆ? ಹಾಸ್ಟೆಲ್‌ಗೆ ಹಾಕಿ, ಕೋಚಿಂಗ್ ಕೊಡಿಸಿ" ಅಂದಿದ್ದಾರೆ. ಅದಕ್ಕೆ ತಾಯಿಯ ಸರ ಅಡ ಇಡಬೇಕು.

ಅಕ್ಕ, ಪತ್ರದ ಕೊನೆಗೆ ಸುಮ್ನೆ ಒಂದು ಮಾತು ಬರೆದಿದ್ದೀರಿ. ಹೊಲದ ಮೋಟಾರು ಗುಂಯ್ ಅಂತಿತ್ತು, ತಿರುಗುತ್ತಿರಲಿಲ್ಲ. ಅವರಪ್ಪ ಮತ್ತೆ ಹಸಿರು ಬಟನ್ ಒತ್ತಲು ಹೋದಾಗ ಮಗ ಕೈ ಹಿಡಿದ. ಎರಡು ಬಲ್ಬು ಜೋಡಿಸಿ ಕರೆಂಟು ನೋಡಿ, "ಒಂದು ಫೇಸ್ ಇಲ್ಲ" ಅಂದ. ಅಂದರೆ ಮೋಟಾರಿಗೆ ಕರೆಂಟು ತರುವ ಮೂರು ತಂತಿಗಳಲ್ಲಿ ಒಂದರಲ್ಲಿ ಕರೆಂಟಿಲ್ಲ. ಹೋಗಿದ್ದ ಫ್ಯೂಸ್ ಹಾಕಿದ. ನೀರು ಬಂತು. "ಇಂಥದ್ದರಲ್ಲೇ ಹೊತ್ತು ಕಳೆಯುತ್ತಾನೆ" ಅಂತ ಬೇಸರ ಬೇರೆ ಮಾಡಿಕೊಂಡಿದ್ದೀರಿ.

ನಮ್ಮ ಬೀದಿಯ ಮೋಟಾರ್ ರಿವೈಂಡಿಂಗ್ ಅಂಗಡಿಯವರಿಗೆ ಇಷ್ಟನ್ನು ಓದಿ ಹೇಳಿದೆ. ಅವರು ಕೆಲಸ ನಿಲ್ಲಿಸಿ ಕೇಳಿದರು. ಎರಡು ಫೇಸ್ ನಡುವೆ 400 ವೋಲ್ಟ್‌ಗಿಂತ ಜಾಸ್ತಿ ಇರುತ್ತದೆ, ಮನೆಯ ಬಲ್ಬು 230ರದ್ದು. ಒಂದೇ ಬಲ್ಬು ಇಟ್ಟರೆ ಸುಟ್ಟುಹೋಗುತ್ತದೆ. ಒಂದೇ ವ್ಯಾಟ್‌ನ ಎರಡನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು, ಕಟ್ಟಿದರೆ ವೋಲ್ಟೇಜ್ ಹಂಚಿಹೋಗುತ್ತದೆ. ಫೇಸ್ ಇಲ್ಲದೆ ಮತ್ತೆ ಮತ್ತೆ ಬಟನ್ ಒತ್ತಿದ್ದರೆ ಮೋಟಾರು ಸುಡುವ ಸಾಧ್ಯತೆಯೇ ಜಾಸ್ತಿ ಇತ್ತಂತೆ. ಇದು ಫಿಸಿಕ್ಸ್ ಅಲ್ವಾ? ನಿಮ್ಮ ಮಗನಿಗೆ ಅದು ಬರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಬರಲಿಲ್ಲ.

ನಿಮ್ಮ ಅಣ್ಣನ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಹದಿನೆಂಟರ ಹುಡುಗನ ಓದಿನ ಮಾತು ಬಂದಾಗ ಹೆಣ್ಣಿನ ಮಾತು ಏಕೆ? ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಮಕ್ಕಳ ಓದನ್ನು ನೆಂಟರ ಮರ್ಯಾದೆಗೆ ಕಟ್ಟಬೇಡಿ. ಅವರ ಮನೆಯ ಗೀಸರ್ ಕೆಟ್ಟರೆ ಯಾರನ್ನು ಕರೆಯುತ್ತಾರೆ, ಎಷ್ಟು ದಿನ ಕಾಯುತ್ತಾರೆ ಅಂತ ಒಮ್ಮೆ ಕೇಳಿ ನೋಡಿ.

ಐಟಿಐ ಅಂದರೆ ಓದಿನ ಬಾಗಿಲು ಮುಚ್ಚಿತು ಅಂತಲ್ಲ. ಸೇರಲು ಎಸ್ಸೆಸ್ಸೆಲ್ಸಿ ಸಾಕು, ಪಿಯುಸಿ ಫೇಲಾದದ್ದು ಅಡ್ಡಿಯಲ್ಲ. ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷ. ಆಮೇಲೆ ಅಪ್ರೆಂಟಿಸ್ ಆಗಿ ಕಾರ್ಖಾನೆಗೋ ರೈಲ್ವೆಗೋ ಸೇರಿದರೆ ಸ್ಟೈಪೆಂಡ್ ಕೊಡಲೇಬೇಕು, ಅದಕ್ಕೆ 1961ರ ಕಾಯ್ದೆಯೇ ಇದೆ. ಮುಂದೆ ಓದುವ ಮನಸ್ಸಾದರೆ ಡಿಪ್ಲೊಮಾಗೆ ನೇರ ಎರಡನೇ ವರ್ಷಕ್ಕೆ, ಡಿಪ್ಲೊಮಾ ಆದಮೇಲೆ ಬಿಇಗೂ ಹಾಗೆಯೇ ಹೋಗಬಹುದು. ಆದರೆ ಅಲ್ಲೂ ಥಿಯರಿ ಇದೆ, ಲೆಕ್ಕ ಇದೆ. ಅದನ್ನು ಮಗನಿಗೆ ಈಗಲೇ ಹೇಳಿ.

ನೀವು ಮಾಡಬೇಕಾದದ್ದು ಒಂದೇ. ಸರ ಅಡ ಇಡುವ ಮೊದಲು, ಕ್ಲಾಸ್ ನಡೆಯುವ ದಿನ ಬೆಳಿಗ್ಗೆ ಮಗನ ಜೊತೆ ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ. ಆಫೀಸಿನಲ್ಲಿ ಕೂರಬೇಡಿ, ವರ್ಕ್‌ಶಾಪ್ ತೋರಿಸಿ ಅನ್ನಿ. ಹುಡುಗರ ಕೈಯಲ್ಲಿ ಪಕ್ಕಡ್ ಇದೆಯಾ, ಮೋಟಾರು ಬಿಚ್ಚಿ ಕಟ್ಟುತ್ತಾರಾ, ಇಲ್ಲಾ ಮೆಷಿನ್ ಮೇಲೆ ಧೂಳು ಕೂತಿದೆಯಾ, ನಿಮ್ಮ ಕಣ್ಣಾರೆ ನೋಡಿ. ಧೂಳು ಕೂತಿದ್ದರೆ ಪಕ್ಕದ ತಾಲ್ಲೂಕಿನದ್ದನ್ನು ನೋಡಿ. ಖಾಸಗಿಯದ್ದಾದರೆ ಕೇಂದ್ರ ಸರ್ಕಾರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಮಾನ್ಯತೆ ಇದೆಯಾ ಅಂತ ಕೇಳದೆ ಒಂದು ರೂಪಾಯಿಯೂ ಕಟ್ಟಬೇಡಿ.

ಇನ್ನೊಂದು ಮಾತು ಮಗನಿಗೆ. ಆ ರಿವೈಂಡಿಂಗ್ ಅಂಗಡಿಯವರು ತಮ್ಮ ಅಂಗೈಯ ಸುಟ್ಟ ಗಾಯದ ಗುರುತು ತೋರಿಸಿ ಹೇಳಿ ಕಳಿಸಿದ್ದಾರೆ: ಸರಿಯಾಗಿ ಕಲಿಯುವ ತನಕ ಸ್ಟಾರ್ಟರ್ ಡಬ್ಬಿ ತೆಗೆಯಬೇಡಪ್ಪ.