ಹಡಗಿನ ಡೀಸೆಲ್ ಎಂಜಿನ್‌ನಲ್ಲಿ ಎಣ್ಣೆಯನ್ನೂ ಉಳಿಸಿ ಹೊಗೆಯನ್ನೂ ತಗ್ಗಿಸಬಹುದೇ?

ಯಾವ ಹೊಗೆ ಎಂಬುದರ ಮೇಲಿದೆ. ನಾನು ಕುಂಬಳೆಯವನು. ಹತ್ತೊಂಬತ್ತು ವರ್ಷ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದು ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಉದುಮ, ಪಾಲಕುನ್ನು ಕಡೆ ನನ್ನಂಥ ಹಡಗಿನವರು ಬೇಕಾದಷ್ಟು ಸಿಗುತ್ತಾರೆ.

ಇಂಗಾಲದ ಡೈಆಕ್ಸೈಡ್ ಲೆಕ್ಕ ಸರಳ. ಒಂದು ಟನ್ ಎಣ್ಣೆ ಉರಿದರೆ ಸುಮಾರು 3.1 ಟನ್ ಹೊರಬೀಳುತ್ತದೆ, ಎಣ್ಣೆ ಉಳಿದಷ್ಟೂ ಅದು ಇಳಿಯುತ್ತದೆ. ಗಂಧಕ ಎಂಜಿನ್ನಿನ ತಪ್ಪಲ್ಲ, ಎಣ್ಣೆಯದು. 2020ರ ಜನವರಿ 1ರಿಂದ ಎಣ್ಣೆಯಲ್ಲಿ ಗಂಧಕದ ಮಿತಿ ಶೇಕಡಾ 3.5ರಿಂದ 0.5ಕ್ಕೆ ಬಂದಿದೆ.

ತಂಟೆಯೆಲ್ಲ ನೈಟ್ರೋಜನ್ ಆಕ್ಸೈಡ್‌ಗಳದು. ಸಿಲಿಂಡರಿನೊಳಗಿನ ಉರಿ ಹೆಚ್ಚು ಬಿಸಿಯಾದರೆ ಎಣ್ಣೆ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಆದರೆ ಅದೇ ಬಿಸಿಗೆ ಗಾಳಿಯಲ್ಲಿನ ಸಾರಜನಕವೂ ಆಮ್ಲಜನಕವೂ ಕೂಡಿಕೊಳ್ಳುತ್ತವೆ. ಎಣ್ಣೆ ಚಿಮ್ಮುವ ಗಳಿಗೆಯನ್ನು ತುಸು ತಡಮಾಡಿ, ಆಕ್ಸೈಡ್ ತಗ್ಗುತ್ತದೆ, ಎಣ್ಣೆಯ ಖರ್ಚು ಏರುತ್ತದೆ. ಆದ್ದರಿಂದ ಕೆಲವು ಹೊಸ ಹಡಗುಗಳಲ್ಲಿ ಎಂಜಿನ್ನನ್ನು ಅದರ ಪಾಡಿಗೆ ಬಿಟ್ಟು, ಹೊರಹೋಗುವ ಹೊಗೆಗೆ ಯೂರಿಯಾ ದ್ರಾವಣ ಸಿಂಪಡಿಸಿ ವೇಗವರ್ಧಕದ ಮೂಲಕ ಹಾಯಿಸುತ್ತಾರೆ. ನಾನೀಗ ಮಣ್ಣಿಗೆ ಹಾಕುವ ಯೂರಿಯಾವೇ, ಶುದ್ಧಿ ಮಾತ್ರ ಹೆಚ್ಚು.

ನಿಜ ಹೇಳಬೇಕೆಂದರೆ ಎಂಜಿನ್ನಿನಿಂದ ಹಿಂಡಿ ತೆಗೆಯಲು ಹೆಚ್ಚೇನೂ ಉಳಿದಿಲ್ಲ. ದೊಡ್ಡ ಟೂ ಸ್ಟ್ರೋಕ್ ಎಂಜಿನ್ ಎಣ್ಣೆಯ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧವನ್ನು ದುಡಿಮೆಗೆ ತಿರುಗಿಸುತ್ತದೆ. ಇರುವುದನ್ನು ಕೆಡದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ. ಒಮ್ಮೆ ನಾಲ್ಕನೆಯ ಸಿಲಿಂಡರಿನ ಹೊಗೆಯ ಉಷ್ಣತೆ ಉಳಿದವುಗಳಿಗಿಂತ ಏರುತ್ತಲೇ ಇತ್ತು. ಮಾಪಕವೇ ಕೆಟ್ಟಿದೆ ಎಂದು ಎರಡು ದಿನ ಸುಮ್ಮನಿದ್ದೆವು. ಬಿಚ್ಚಿ ನೋಡಿದರೆ ಎಣ್ಣೆ ಚಿಮ್ಮಿಸುವ ಇಂಜೆಕ್ಟರಿನ ತುದಿ ಸವೆದು ತೊಟ್ಟಿಕ್ಕುತ್ತಿತ್ತು.

ದೊಡ್ಡ ಉಳಿತಾಯ ಎಂಜಿನ್ನಿನ ಹೊರಗಿದೆ. ವೇಗವನ್ನು ಶೇಕಡಾ 10ರಷ್ಟು ಇಳಿಸಿದರೆ ಬೇಕಾದ ಶಕ್ತಿ ಸುಮಾರು ಶೇಕಡಾ 27ರಷ್ಟು ಇಳಿಯುತ್ತದೆ. ಹತ್ತು ದಿನದ ಯಾನಕ್ಕೆ ಇನ್ನೊಂದು ದಿನ ಹಿಡಿಯುತ್ತದೆ ನಿಜ, ಆದರೂ ಒಟ್ಟು ಎಣ್ಣೆಯಲ್ಲಿ ಐದನೆಯ ಒಂದು ಪಾಲಿನಷ್ಟು ಉಳಿಯುತ್ತದೆ. ಇನ್ನೊಂದು, ಹಡಗಿನ ತಳ. ಪಾಚಿ, ಚಿಪ್ಪು ಅಂಟಿದರೆ ಎಷ್ಟು ಎಣ್ಣೆ ಸುರಿದರೂ ಹಡಗು ತೆವಳುತ್ತದೆ. ನಮ್ಮೂರ ಮೀನುಗಾರರು ದೋಣಿಯನ್ನು ಮರಳಿಗೆಳೆದು ತಳ ಉಜ್ಜುವುದೂ ಇದಕ್ಕೇ.

ಆದರೆ ನಿಧಾನಗತಿಯಲ್ಲೇ ದಿನಗಟ್ಟಲೆ ಓಡಿಸಿದರೆ, ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋಚಾರ್ಜರಿಗೂ ಹೊಗೆಯ ದಾರಿಗೂ ಮಸಿ ಕಟ್ಟುತ್ತದೆ. ಅದಕ್ಕಾಗಿ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ವೇಗ ಏರಿಸಿ ಮಸಿ ಊದಿಬಿಡುತ್ತಿದ್ದೆವು. ಆಗಷ್ಟೇ ಬಣ್ಣ ಬಳಿದು ಮುಗಿಸಿದ ಡೆಕ್ಕಿನವರಿಂದ ಬೈಗುಳ ಬೀಳುತ್ತಿದ್ದುದೂ ಆಗಲೇ.