ವೇಟ್ಸ್‌ಗೆ ಮೊದಲು ವೈಬ್ರೇಶನ್ ಪ್ಲೇಟ್: ಕಾರ್ಟಿಸಾಲ್ ಇಳಿಯುತ್ತಾ?

ಪ್ರಶ್ನೆ: ನನಗೆ 36 ವರ್ಷ. ವೈಟ್‌ಫೀಲ್ಡ್‌ನಲ್ಲಿ ಐಟಿ ಕೆಲಸ, ಮಲಗುವಾಗ ರಾತ್ರಿ ಒಂದೂವರೆ ಆಗುತ್ತದೆ. ನಮ್ಮ ಜಿಮ್‌ಗೆ ವೈಬ್ರೇಶನ್ ಪ್ಲೇಟ್ ಬಂದಿದೆ. ವೇಟ್ಸ್ ಎತ್ತುವ ಮೊದಲು ಹತ್ತು ನಿಮಿಷ ಅದರ ಮೇಲೆ ನಿಂತರೆ ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಇಳಿಯುತ್ತದೆ ಎಂದರು ಟ್ರೈನರ್. ಎರಡು ವಾರ ನಿಂತೆ. ಮೊನ್ನೆ ಸಂಜೆ ಜಿಮ್ ಮುಗಿಸಿ ಹಾಗೇ ಲ್ಯಾಬ್‌ಗೆ ಹೋಗಿ ರಕ್ತ ಕೊಟ್ಟೆ, ಕಾರ್ಟಿಸಾಲ್ 17 ಮೈಕ್ರೋಗ್ರಾಂ ಬಂತು. ಪ್ಲೇಟ್‌ನಿಂದ ಪ್ರಯೋಜನ ಆಗಲಿಲ್ಲವೇ? ಎರಡು ವರ್ಷದ ಹಿಂದೆ ಕಿಡ್ನಿ ಕಲ್ಲು ಇತ್ತು, ಈಗ ನೋವಿಲ್ಲ.
– ಓದುಗ, ಮಹದೇವಪುರ

ಉತ್ತರ: ಆ 17ರಿಂದ ಪ್ಲೇಟ್‌ನ ಬಗ್ಗೆ ಏನೂ ತಿಳಿಯದು. ಕಾರ್ಟಿಸಾಲ್ ಎದ್ದ ಅರ್ಧ ಗಂಟೆಯಲ್ಲಿ ಏರಿ, ದಿನವಿಡೀ ಇಳಿಯುತ್ತಾ ನಡುರಾತ್ರಿ ಹೊತ್ತಿಗೆ ತಳ ಮುಟ್ಟುತ್ತದೆ. ಭಾರ ಎತ್ತಿದರೆ, ಅದರಲ್ಲೂ ಸೆಟ್‌ಗಳ ನಡುವೆ ಬಿಡುವು ಕಡಿಮೆಯಿದ್ದರೆ, ಮತ್ತೆ ಏರುತ್ತದೆ. ನೀವು ರಕ್ತ ಕೊಟ್ಟದ್ದು ಸರಿಯಾಗಿ ಆ ಏರಿನಲ್ಲೇ. ಈ ಏರಿಕೆ ರೋಗವಲ್ಲ; ದುಡಿಯುವ ಸ್ನಾಯುವಿಗೆ ಸಕ್ಕರೆ, ಕೊಬ್ಬು ಒದಗಿಸಲು ದೇಹ ಮಾಡುವ ಏರ್ಪಾಡು. ಅದನ್ನು ತಡೆಯಬೇಕೆಂಬ ಹಟವೇ ನನಗೆ ಅರ್ಥವಾಗದ್ದು.

ಟ್ರೈನರ್ ಮಾತಿಗೆ ಮೂಲವೇ ಇಲ್ಲವೆಂದಲ್ಲ. 2000ದಲ್ಲಿ ಇಟಲಿಯ ಕಾರ್ಮೆಲೊ ಬೋಸ್ಕೊ ತಂಡ 14 ಯುವಕರನ್ನು 26 ಹರ್ಟ್ಜ್‌ನಲ್ಲಿ ಕಂಪಿಸುವ ಪ್ಲೇಟ್ ಮೇಲೆ ನಿಲ್ಲಿಸಿತ್ತು. ಒಂದೊಂದು ನಿಮಿಷದಂತೆ ಹತ್ತು ಸಲ, ನಡುವೆ ಬಿಡುವು. ಟೆಸ್ಟೋಸ್ಟೆರಾನ್, ಬೆಳವಣಿಗೆಯ ಹಾರ್ಮೋನ್ ಏರಿದವು, ಕಾರ್ಟಿಸಾಲ್ ಇಳಿಯಿತು. ಪ್ಲೇಟ್ ಮಾರುವವರಿಗೆ ಅಷ್ಟೇ ಸಾಕಾಯಿತು! ಆದರೆ ಗಡಿಯಾರದ ಜೊತೆ ತಾನಾಗಿಯೇ ಇಳಿಯುವ ಹಾರ್ಮೋನಿದು. ಅದೇ ಹೊತ್ತಿನಲ್ಲಿ ಸುಮ್ಮನೆ ನಿಂತವರ ರಕ್ತದೊಡನೆ ಹೋಲಿಸದೆ ಆ ಶ್ರೇಯಸ್ಸನ್ನು ಕಂಪನಕ್ಕೆ ಕೊಡಲಾಗದು. ಮುಂದಿನ ಪ್ರಯೋಗಗಳಲ್ಲಿ ಹಲವರಿಗೆ ಇಂಥ ಇಳಿಕೆ ಕಾಣಲೇ ಇಲ್ಲ. ಅಲ್ಲದೆ, ಪ್ಲೇಟ್‌ನಿಂದ ಇಳಿದ ಮೇಲೆ ನೀವು ಗಂಟೆಗಟ್ಟಲೆ ವೇಟ್ಸ್ ಎತ್ತುತ್ತೀರಿ. ಹಾರ್ಮೋನ್ ಮೇಲೆ ಹೆಚ್ಚಿನ ಹಿಡಿತ ಅದರದ್ದೇ.

ಹಾಗಾದರೆ ಪ್ಲೇಟ್ ಏತಕ್ಕೆ? ಕಂಪನ ಸ್ನಾಯುವಿನೊಳಗಿನ ಹಿಗ್ಗುವಿಕೆಯ ಸಂವೇದಕಗಳನ್ನು ಕೆಣಕುತ್ತದೆ, ಸ್ನಾಯು ತಾನಾಗಿಯೇ ಬಿಗಿಯುತ್ತದೆ. ವಾರ್ಮ್‌ಅಪ್‌ಗೆ ಒಂದೆರಡು ನಿಮಿಷ ನಿಲ್ಲಬಹುದು. ಮಂಡಿ ತುಸು ಮಡಿಸಿ ನಿಲ್ಲಿ, ನೆಟ್ಟಗೆ ನಿಂತರೆ ನಡುಕ ತಲೆಗೇ ಏರುತ್ತದೆ. (ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸುವುದೂ ಕಂಪನವೇ ತಾನೇ ಎಂದು ಗೆಳೆಯರೊಬ್ಬರು ಕೇಳಿದ್ದರು. ಹೌದು, ಆದರೆ ಅದರಿಂದ ಸೊಂಟಕ್ಕೆ ಪೆಟ್ಟೇ ಹೊರತು ಲಾಭವಿಲ್ಲ.)

ಕಾರ್ಟಿಸಾಲ್ ಚಿಂತೆಯೇ ಕಾಡಿದರೆ ಒಂದೂವರೆಯ ನಿದ್ದೆಯನ್ನು ಮೊದಲು ಸರಿಮಾಡಿ. ಮತ್ತೆ ಪರೀಕ್ಷಿಸುವುದಾದರೆ ಹಿಂದಿನ ದಿನ ಜಿಮ್ ಬಿಟ್ಟು, ಬೆಳಿಗ್ಗೆ ಎಂಟರ ಸುಮಾರಿಗೆ ರಕ್ತ ಕೊಡಿ.

ಇನ್ನು ಆ ಕಿಡ್ನಿ ಕಲ್ಲು. ನೋವಿಲ್ಲವೆಂದ ಮಾತ್ರಕ್ಕೆ ಕಲ್ಲಿಲ್ಲವೆಂದಲ್ಲ, ಒಳಗಿದ್ದರೆ ಕಂಪನಕ್ಕೆ ಜರುಗಬಹುದು. ಅಲ್ಟ್ರಾಸೌಂಡ್ ಮಾಡಿಸಿ ವೈದ್ಯರಿಗೆ ತೋರಿಸುವವರೆಗೆ ಪ್ಲೇಟ್ ಹತ್ತಬೇಡಿ.