ನಮ್ಮ ಪೇಟೆಯ ಹಳೇ ಗ್ರಂಥಾಲಯ ಸೋರುತ್ತಿದೆ. ಕೆಡವಿ ಕಟ್ಟೋದು ವಾಸಿನಾ, ರಿಪೇರಿ ಸಾಕಾ?

ಕೋಲಾರದ ಹಳೇ ಪೇಟೆ, ಕಲ್ಲು ಚಪ್ಪಡಿ ಸೂರು, ಗೋಡೆಗೆಲ್ಲ ಸೌಳು (ತೇವದ ಜೊತೆ ಹೊರಬರುವ ಉಪ್ಪಿನ ಪುಡಿ) ಹತ್ತಿದೆ, 'ಕೆಡವಿ ಆರ್‌ಸಿಸಿ ಹಾಕಿಸಿ' ಅಂತ ಎಲ್ಲರೂ ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಕೆಡವಲು ಒಪ್ಪಬೇಡಿ. ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವವರೆಗಾದರೂ ತಡೆಯಿರಿ.

ನಾನು ಇದೇ ಜಿಲ್ಲೆಯವನು, ಕಟ್ಟಡದ ಕೆಲಸ ಮಾಡಿಸುತ್ತೇನೆ. ಮನೆಯಲ್ಲಿ ಕೂತು ಓದಲು ಜಾಗ ಇರಲಿಲ್ಲ, ಹಾಗಾಗಿ ಎಸ್ಸೆಸ್ಸೆಲ್ಸಿಗೆ ಓದಿದ್ದೆಲ್ಲ ಇಂಥದ್ದೇ ಒಂದು ಶಾಖಾ ಗ್ರಂಥಾಲಯದಲ್ಲಿ. ಕೆಲವು ವರ್ಷದ ಹಿಂದೆ ಅದರ ದುರಸ್ತಿಗೆ ನಾನೂ ನಿಂತೆ.

ಮೊದಲು ರಸ್ತೆ ನೋಡಿ. ನಮ್ಮಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಹೊಸ್ತಿಲಿಗಿಂತ ಗೇಣುದ್ದ ಮೇಲೆ ಬಂದಿತ್ತು. ಮಳೆ ಬಂದರೆ ನೀರು ಗೋಡೆ ಬುಡದಲ್ಲೇ ನಿಲ್ಲುತ್ತಿತ್ತು. ತೇವ ಕಾಣಬಾರದು ಅಂತ ಹಿಂದೆ ಯಾರೋ ನಾಲ್ಕಡಿ ಎತ್ತರಕ್ಕೆ ಸಿಮೆಂಟ್ ಮೆತ್ತಿಸಿದ್ದರು. ಹಳೇ ಗೋಡೆ ಮಣ್ಣು, ಸುಣ್ಣದ್ದು. ಹೀರಿದ ನೀರನ್ನು ತಾನೇ ಗಾಳಿಗೆ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಕೂತರೆ ಆ ದಾರಿ ಬಂದ್, ನೀರು ಇನ್ನೂ ಮೇಲಕ್ಕೆ ಹತ್ತುತ್ತದೆ. ಸರಿಯಾಗಿ ಸಿಮೆಂಟ್ ಮುಗಿದ ಜಾಗದಿಂದಲೇ ಸೌಳು ಶುರುವಾಗಿತ್ತು. ಅಂಗೈ ಸವರಿದರೆ ಬಿಳಿ ಪುಡಿ ಉದುರುತ್ತಿತ್ತು. ಅದೇ ತೇವ ಹಿಡಿದು ಬಂದ ಗೆದ್ದಲು ಮರದ ಬೀರುಗಳ ಬೆನ್ನು ತಿಂದು ಹಾಕಿತ್ತು.

ಹೊರಗೆ ಗೋಡೆಗುಂಟ ಚರಂಡಿ ತೆಗೆಸಿದೆವು, ಸಿಮೆಂಟ್ ಪೂರ್ತಿ ಕೀಳಿಸಿದೆವು. ಒಂದು ಬೇಸಿಗೆ ಗೋಡೆಯನ್ನು ಸುಮ್ನೆ ಒಣಗಲು ಬಿಟ್ಟೆವು. ಆಮೇಲೆ ಸುಣ್ಣದ ಗಾರೆ. ಈ ಕೆಲಸ ಬಲ್ಲ ಹಿರಿಯ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗಿ, ಸಿಕ್ಕೇ ಸಿಗುತ್ತಾರೆ. ನಮಗೆ ಸಿಕ್ಕವರು ಸುಣ್ಣವನ್ನು ತೊಟ್ಟಿಯಲ್ಲಿ ಎರಡು ವಾರ ನೆನೆಸಿಟ್ಟು, ಮರಳು, ಇಟ್ಟಿಗೆ ಪುಡಿ ಸೇರಿಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರಿನಲ್ಲಿ ಕಲಸಿದರು. ಒಣಗಿದ ಮೇಲೆ ಎಣ್ಣೆ ಬಣ್ಣ, ಪ್ಲಾಸ್ಟಿಕ್ ಬಣ್ಣ ಹಚ್ಚಬೇಡಿ, ಸುಣ್ಣವೇ ಸಾಕು.

ಸೂರಿನದ್ದೂ ಇದೇ ಕಥೆ. ಚಪ್ಪಡಿ ಸೋರಲ್ಲ, ಸೋರುವುದು ಸಂದು. ಮೇಲೆ ಹಾಕಿದ ಸಿಮೆಂಟ್ ಬಿಸಿಲಿಗೆ ಬಿರಿದು, ಬಿರುಕಿನಲ್ಲಿ ಹೊಕ್ಕ ನೀರು ಅಡಿಯಲ್ಲೇ ನಿಂತಿರುತ್ತದೆ. ಸಂದು ಕೆತ್ತಿಸಿ ಗಾರೆ ತುಂಬಿಸಿ, ನೀರು ಹರಿದುಹೋಗುವಂತೆ ಇಳಿಜಾರು ಕೊಡಿಸಿ. ಯಾವುದಾದರೂ ಚಪ್ಪಡಿಯೇ ಸೀಳಿದ್ದರೆ ಮಾತ್ರ ಇಂಜಿನಿಯರ್‌ಗೆ ತೋರಿಸದೆ ಅದರ ಕೆಳಗೆ ಯಾರನ್ನೂ ಕೂರಿಸಬೇಡಿ.

ಪುಸ್ತಕದ ವಿಷಯದಲ್ಲಿ ನಾವು ತಪ್ಪು ಮಾಡಿದೆವು. ಅವಸರದಲ್ಲಿ ಗೋಣಿಚೀಲಕ್ಕೆ ತುಂಬಿ ಪಕ್ಕದ ಕೋಣೆಯಲ್ಲಿ ನೆಲದ ಮೇಲೇ ಇಟ್ಟೆವು. ಒಂದೇ ಮಳೆಗೆ ಅಡಿಯ ಚೀಲಗಳು ನೆನೆದವು. ಬೈಂಡ್ ಮಾಡಿಸಿದ ಹಳೇ ವಾರಪತ್ರಿಕೆಗಳ ಪುಟ ಬಿಡಿಸಲು ಹೋದರೆ ಚಿತ್ರ, ಅಕ್ಷರ ಎಲ್ಲ ಎದುರು ಪುಟಕ್ಕೆ ಅಂಟಿಕೊಂಡು ಎದ್ದು ಬಂತು. ಅವು ಇನ್ನೆಲ್ಲೂ ಸಿಗಲ್ಲ. ನನಗೆ ಇವತ್ತಿಗೂ ಸಂಕಟ. ನೀವು ರಿಜಿಸ್ಟರ್ ನಂಬರಿನ ಸಾಲಿಗೇ ಕಟ್ಟು ಕಟ್ಟಿ, ನೆಲದಿಂದ ಮೇಲೆ, ಹಲಗೆಯ ಮೇಲೆ ಇಡಿ. ನೆನೆದದ್ದನ್ನು ಬಿಸಿಲಿಗೆ ಹಾಕದೆ ನೆರಳಲ್ಲಿ ಫ್ಯಾನ್ ಕೆಳಗೆ ಆರಿಸಿ. ಹೊಸ ರ‍್ಯಾಕನ್ನು ಗೋಡೆಗೆ ಒತ್ತಬೇಡಿ, ಗೇಣು ಜಾಗ ಬಿಡಿ.

ದುಡ್ಡಿಲ್ಲ ಅನ್ನುತ್ತಾರೆ, ಅಲ್ವಾ? ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಅದು ಗ್ರಂಥಾಲಯಕ್ಕೇ ಸೇರಬೇಕಾದ ಹಣ. ಎಷ್ಟು ವಸೂಲಾಯಿತು, ಎಷ್ಟು ಸಂದಾಯವಾಯಿತು ಅಂತ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ. ಉತ್ತರ ಕೈಗೆ ಬಂದ ಮೇಲೆ ಮನವಿ ಕೊಡಿ. ಬರೀ ಮನವಿಗಿಂತ ಅದಕ್ಕೆ ಬೆಲೆ ಜಾಸ್ತಿ.

ಇನ್ನೊಂದು ಮಾತು. ಕೆಲಸ ನಡೆಯುವಾಗ ಬಾಗಿಲು ಪೂರ್ತಿ ಹಾಕಲು ಬಿಡಬೇಡಿ. ನಾವು ಎದುರಿನ ಶೀಟಿನ ಶೆಡ್ಡಿಗೆ ಪೇಪರ್ ಟೇಬಲ್ ಒಂದನ್ನೇ ಸಾಗಿಸಿದೆವು. ಕನ್ನಡ, ತೆಲುಗು, ಉರ್ದು ಪೇಪರುಗಳು ಒಂದು ದಿನವೂ ತಪ್ಪಲಿಲ್ಲ. ದಿನಾ ಬರುತ್ತಿದ್ದ ಹಿರಿಯರು ಅಲ್ಲಿಗೇ ಬಂದರು. ಗಾರೆಗೆ ನೀರು ಹೊಡೆಯಲು ಆಳು ಬಾರದ ದಿನ ಬಿಂದಿಗೆ ಎತ್ತಿಕೊಂಡವರೂ ಅವರೇ.

ಸೂರಿನ ಸಂದು, ಗೋಡೆಯ ಬುಡ, ರಸ್ತೆ ಮೂರರ ಫೋಟೋ ತೆಗೆದು ಹಾಕಿ. ನೋಡಿ ಹೇಳುತ್ತೇನೆ.